ಕಾಂಕ್ರೀಟ್ ಮುಚ್ಚುವ ಮೊದಲು ನೋಡಬೇಕಾದದ್ದು

ಸ್ಲ್ಯಾಬಿನ ಸೆಂಟ್ರಿಂಗ್ ಮುಗಿದಿದೆ, ಕಂಬಿ ಕಟ್ಟಿಯಾಗಿದೆ. ಕಂಬಿಗಳ ಜಾಲದ ನಡುವೆ ವಿದ್ಯುತ್ ತಂತಿಯ ಪೈಪುಗಳು ಮಲಗಿವೆ. ಮುಂದೆ ನೀರಿನ ಪೈಪು ಇಳಿಯಬೇಕಾದ ಕಡೆಗಳಲ್ಲಿ ತೂತು ಬಿಡಲು ಸ್ಲೀವ್‌ಗಳನ್ನು ಕೂರಿಸಿದ್ದಾರೆ. ಕಾಂಕ್ರೀಟ್ ಲಾರಿ ಹೊರಟಿದೆ ಎಂದು ಫೋನ್ ಬಂದಿದೆ. ಎಂಜಿನಿಯರ್ ಕೈಯಲ್ಲಿ ಮಡಿಸಿದ ಡ್ರಾಯಿಂಗ್ ಹಿಡಿದು, ಕಂಬಿಗಳ ಮೇಲೆ ಎಚ್ಚರದಿಂದ ಹೆಜ್ಜೆ ಇಡುತ್ತಾ, ಒಮ್ಮೆ ಕಾಗದವನ್ನೂ ಒಮ್ಮೆ ಕಾಲ ಕೆಳಗಿನ ಉಕ್ಕನ್ನೂ ನೋಡುತ್ತಿದ್ದಾರೆ. ಇನ್ನು ಕೆಲವು ಗಂಟೆಗಳಲ್ಲಿ ಇದೆಲ್ಲ ಕಾಂಕ್ರೀಟಿನ ಒಳಗೆ ಸೇರಿಹೋಗುತ್ತದೆ. ಆಮೇಲೆ ತಪ್ಪು ಕಂಡರೆ ತಿದ್ದುವುದೆಂದರೆ ಒಡೆಯುವುದು ಎಂದೇ ಅರ್ಥ.

ಕಟ್ಟಡದ ತಪಾಸಣೆಯಲ್ಲಿ ಇದಕ್ಕಿಂತ ಮುಖ್ಯವಾದ ಹೊತ್ತು ಇನ್ನೊಂದಿಲ್ಲ. ಆ ಹೊತ್ತಿನಲ್ಲಿ ತಪಾಸಣೆ ಮಾಡುವವರ ತಲೆ ಎಂಥ ಕಷ್ಟದ ಕೆಲಸ ಮಾಡುತ್ತಿರುತ್ತದೆ ಎಂಬುದನ್ನು ನಾವು ಗಮನಿಸುವುದೇ ಕಡಿಮೆ. ಕಾಗದದ ಮೇಲಿನ ಚಪ್ಪಟೆ ಗೆರೆಗಳನ್ನು ಮನಸ್ಸಿನಲ್ಲೇ ಎತ್ತಿ ನಿಲ್ಲಿಸಬೇಕು, ತಾವು ನಿಂತ ಜಾಗಕ್ಕೆ ಸರಿಯಾಗಿ ತಿರುಗಿಸಬೇಕು, ಅಳತೆಗೆ ಹಿಗ್ಗಿಸಬೇಕು, ಕಣ್ಣೆದುರಿನ ಕಂಬಿಯ ಜೊತೆ ಹೋಲಿಸಬೇಕು. ಅನುಭವಿಗಳಿಗೆ ಇದು ರೂಢಿಯಾಗಿರುತ್ತದೆ. ಆದರೆ ನೂರಾರು ಕಂಬಿಗಳನ್ನು ಎಣಿಸಿ ದಣಿದ ಮೇಲೆ ಅನುಭವಿಗಳ ಕಣ್ಣಿಗೂ ಒಂದು ಸ್ಲೀವ್ ತಪ್ಪಿಹೋಗಬಹುದು. ಮಿಶ್ರ ವಾಸ್ತವ ಎಂಬ ತಂತ್ರಜ್ಞಾನ ಈ ಹೋಲಿಕೆಯ ಹೊರೆಯನ್ನು ತಲೆಯಿಂದ ಕಣ್ಣಿಗೆ ಇಳಿಸುತ್ತದೆ. ಕಟ್ಟಬೇಕಾಗಿದ್ದದ್ದನ್ನು ಕಟ್ಟಿರುವುದರ ಮೇಲೆಯೇ, ಅದೇ ಜಾಗದಲ್ಲಿ, ಅದೇ ಗಾತ್ರದಲ್ಲಿ ತೋರಿಸುತ್ತದೆ. ಅದು ಎಲ್ಲಿ ನಂಬಿಕೆಗೆ ಅರ್ಹ, ಎಲ್ಲಿ ಅಲ್ಲ ಎಂಬುದನ್ನು ತಿಳಿಯಬೇಕಾದರೆ ಅದರ ಒಳಗಿನ ಕೆಲಸವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಹೆಸರಿನಿಂದಲೇ ಶುರು ಮಾಡೋಣ. ವರ್ಚುವಲ್ ರಿಯಾಲಿಟಿಯಲ್ಲಿ ಕನ್ನಡಕ ಹಾಕಿದವರಿಗೆ ಸುತ್ತಲಿನ ಲೋಕ ಕಾಣುವುದೇ ಇಲ್ಲ, ಕಾಣುವುದೆಲ್ಲ ಕಂಪ್ಯೂಟರ್ ಬರೆದ ಚಿತ್ರ. ಆಗ್ಮೆಂಟೆಡ್ ರಿಯಾಲಿಟಿಯಲ್ಲಿ ನಿಜವಾದ ದೃಶ್ಯದ ಮೇಲೆ ಚಿತ್ರ ಸೇರಿಕೊಳ್ಳುತ್ತದೆ. 1994ರಲ್ಲಿ ಪಾಲ್ ಮಿಲ್‌ಗ್ರಾಮ್ ಮತ್ತು ಫುಮಿಯೊ ಕಿಶಿನೊ ಎಂಬ ಸಂಶೋಧಕರು ಇವುಗಳನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇಡದೆ ಒಂದು ಗೆರೆಯ ಮೇಲೆ ಜೋಡಿಸಿದರು. ಗೆರೆಯ ಒಂದು ತುದಿಯಲ್ಲಿ ಪೂರ್ತಿ ನಿಜ, ಇನ್ನೊಂದು ತುದಿಯಲ್ಲಿ ಪೂರ್ತಿ ಕಲ್ಪಿತ. ನಡುವಿನದ್ದನ್ನೆಲ್ಲ ಅವರು ಮಿಶ್ರ ವಾಸ್ತವ ಎಂದು ಕರೆದರು. ಇಂದು ಕಟ್ಟಡದ ಕೆಲಸದಲ್ಲಿ ಈ ಮಾತನ್ನು ಬಳಸುವಾಗ ಇನ್ನೊಂದು ಅರ್ಥವೂ ಸೇರಿದೆ: ಚಿತ್ರವು ಪರದೆಗೆ ಅಂಟಿಕೊಂಡಿರದೆ ಜಾಗಕ್ಕೆ ಅಂಟಿಕೊಂಡಿರಬೇಕು. ನೀವು ಕಂಬದ ಸುತ್ತ ನಡೆದರೆ ಕಲ್ಪಿತ ಪೈಪು ಕದಲದೆ ನಿಲ್ಲಬೇಕು, ಅದರ ಹಿಂಬದಿಯೂ ನಿಮಗೆ ಕಾಣಬೇಕು.

ಕನಸು ಹೊಸದಲ್ಲ. 1968ರಲ್ಲೇ ಐವಾನ್ ಸದರ್‌ಲ್ಯಾಂಡ್ ತಲೆಗೆ ತೊಡುವ ಪಾರದರ್ಶಕ ಪ್ರದರ್ಶಕವೊಂದನ್ನು ಮಾಡಿದ್ದರು. ತಲೆಯ ಚಲನೆಯನ್ನು ಅಳೆಯುವ ಅದರ ಯಂತ್ರ ಛಾವಣಿಗೆ ಜೋಡಿಸಿಕೊಂಡಿತ್ತು, ಕಾಣುತ್ತಿದ್ದದ್ದು ಬರಿಯ ಗೆರೆಗಳ ಆಕೃತಿಗಳು. 1990ರ ದಶಕದ ಮೊದಲಲ್ಲಿ ವಿಮಾನ ತಯಾರಿಸುವ ಬೋಯಿಂಗ್ ಕಂಪನಿಯಲ್ಲಿ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ಇದನ್ನೇ ಕಾರ್ಮಿಕರ ಕೈಗೆ ಕೊಡಲು ಹೊರಟರು. ವಿಮಾನದ ತಂತಿಗಳ ಕಟ್ಟನ್ನು ಜೋಡಿಸುವವರು ದೊಡ್ಡ ಹಲಗೆಯನ್ನೂ ನಕ್ಷೆಯನ್ನೂ ಮತ್ತೆ ಮತ್ತೆ ನೋಡಬೇಕಾಗುತ್ತಿತ್ತು. ಆ ನಕ್ಷೆ ಹಲಗೆಯ ಮೇಲೆಯೇ ಕಂಡರೆ ಹೇಗೆ ಎಂಬುದು ಅವರ ಪ್ರಶ್ನೆ. ಆಗ್ಮೆಂಟೆಡ್ ರಿಯಾಲಿಟಿ ಎಂಬ ಹೆಸರು ಹುಟ್ಟಿದ್ದು ಅಲ್ಲಿ. ಸ್ಲ್ಯಾಬಿನ ಮೇಲೆ ಡ್ರಾಯಿಂಗ್ ಹಿಡಿದು ನಿಂತ ಎಂಜಿನಿಯರ್ ಅವರ ಪ್ರಶ್ನೆಯೂ ಅದೇ.

ಮೊದಲು ಮಾದರಿ

ಕನ್ನಡಕದಲ್ಲಿ ಏನಾದರೂ ಕಾಣಬೇಕಾದರೆ ಕಟ್ಟಡದ ಡಿಜಿಟಲ್ ಮಾದರಿ ಇರಬೇಕು. ಇದನ್ನು ಬಿಮ್ ಮಾದರಿ ಎನ್ನುತ್ತಾರೆ. ಬರಿಯ ಮೂರು ಆಯಾಮದ ಚಿತ್ರಕ್ಕೂ ಇದಕ್ಕೂ ವ್ಯತ್ಯಾಸವಿದೆ. ಚಿತ್ರದಲ್ಲಿ ಕಂಬ ಎಂದರೆ ಒಂದು ಆಕಾರ. ಬಿಮ್‌ನಲ್ಲಿ ಅದು ಕಂಬವೆಂದೇ ಗೊತ್ತಿರುವ ವಸ್ತು. ಅದರ ಕಾಂಕ್ರೀಟ್ ಯಾವ ದರ್ಜೆಯದು, ಒಳಗೆ ಎಷ್ಟು ಕಂಬಿ, ಯಾವ ಮಹಡಿಗೆ ಸೇರಿದ್ದು, ಎಂದು ಕಟ್ಟಬೇಕು ಎಂಬ ಮಾಹಿತಿಯೆಲ್ಲ ಅದಕ್ಕೆ ಕಟ್ಟಿಕೊಂಡಿರುತ್ತದೆ. ಬೇರೆ ಬೇರೆ ಕಂಪನಿಗಳ ತಂತ್ರಾಂಶಗಳು ಪರಸ್ಪರ ಓದಿಕೊಳ್ಳಲೆಂದು ಐಎಫ್‌ಸಿ ಎಂಬ ಮುಕ್ತ ರೂಪವಿದೆ. ಐಎಸ್ಒ 16739 ಎಂಬ ಅಂತರರಾಷ್ಟ್ರೀಯ ಮಾನಕ ಅದನ್ನು ವಿವರಿಸುತ್ತದೆ.

ಸೈಟಿಗೆ ಈ ಮಾದರಿಯನ್ನು ಇಡಿಯಾಗಿ ಒಯ್ಯುವಂತಿಲ್ಲ. ದೊಡ್ಡ ಕಟ್ಟಡದ ಪ್ರತಿ ಬೋಲ್ಟು, ಪ್ರತಿ ಬಾಗಿಲ ಹಿಡಿಯನ್ನೂ ಚಿತ್ರಿಸುವ ಶಕ್ತಿ ತಲೆಯ ಮೇಲಿನ ಪುಟ್ಟ ಕಂಪ್ಯೂಟರಿಗೆ ಇರುವುದಿಲ್ಲ. ಹಾಗಾಗಿ ಅಂದಿನ ತಪಾಸಣೆಗೆ ಬೇಕಾದ ಮಹಡಿ, ಬೇಕಾದ ಪದರ ಮಾತ್ರ ಹಗುರ ಮಾಡಿ ತುಂಬಿಕೊಳ್ಳುತ್ತಾರೆ. ಇದನ್ನು ತಾಂತ್ರಿಕ ಮಿತಿ ಎಂದು ದೂರಬೇಕಿಲ್ಲ. ಎಲ್ಲ ಪೈಪು, ಎಲ್ಲ ತಂತಿ, ಎಲ್ಲ ಗೋಡೆ ಒಟ್ಟಿಗೆ ಹೊಳೆಯುತ್ತಿದ್ದರೆ ನೋಡುವವರಿಗೆ ಯಾವುದೂ ಕಾಣುವುದಿಲ್ಲ.

ಮಾದರಿಯನ್ನು ಜಾಗಕ್ಕೆ ಕಟ್ಟುವುದು

ಇಡೀ ವಿಷಯದ ಜೀವ ಇರುವುದು ಇಲ್ಲಿ. ಮಾರಾಟದ ವೀಡಿಯೊಗಳಲ್ಲಿ ಅತಿ ಕಡಿಮೆ ಕಾಣಿಸುವುದೂ ಇದೇ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಸಾಧನ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಒಂದು, ಈ ಜಾಗದಲ್ಲಿ ನಾನು ಹೇಗೆ ಚಲಿಸುತ್ತಿದ್ದೇನೆ? ಇದಕ್ಕೆ ಕ್ಯಾಮೆರಾಗಳು ಸುತ್ತಲಿನ ಮೂಲೆ, ಅಂಚು, ಕಲೆಗಳನ್ನು ಗುರುತಾಗಿ ಹಿಡಿದುಕೊಳ್ಳುತ್ತವೆ, ಚಲನೆಯ ಸಂವೇದಕಗಳು ತಲೆ ತಿರುಗಿದ್ದನ್ನು ಹೇಳುತ್ತವೆ. ಎರಡನ್ನೂ ಕೂಡಿಸಿ ಸಾಧನವು ಜಾಗದ ನಕ್ಷೆಯನ್ನು ಬರೆದುಕೊಳ್ಳುತ್ತಲೇ ಆ ನಕ್ಷೆಯಲ್ಲಿ ತಾನೆಲ್ಲಿದ್ದೇನೆ ಎಂದೂ ಲೆಕ್ಕ ಹಾಕುತ್ತದೆ. ಈ ವಿಧಾನಕ್ಕೆ ಸ್ಲ್ಯಾಮ್ ಎಂದು ಹೆಸರು. ಕತ್ತಲ ಮನೆಯಲ್ಲಿ ಗೋಡೆ ತಡವುತ್ತಾ ಹೋಗುವವರು ಮಾಡುವುದೂ ಇದನ್ನೇ. ತಡವಿದ ಗೋಡೆಯಿಂದ ಮನೆಯ ರೂಪ ತಿಳಿಯುತ್ತದೆ, ಮನೆಯ ರೂಪದಿಂದ ತಾವು ನಿಂತ ಜಾಗ ತಿಳಿಯುತ್ತದೆ.

ಆದರೆ ಪ್ರತಿ ಹೆಜ್ಜೆಯ ಲೆಕ್ಕದಲ್ಲೂ ಕೂದಲೆಳೆಯಷ್ಟು ತಪ್ಪು ಉಳಿಯುತ್ತದೆ. ಉದ್ದ ಕಾರಿಡಾರಿನಲ್ಲಿ ನಡೆದಂತೆ ಆ ತಪ್ಪುಗಳು ಕೂಡುತ್ತಾ ಹೋಗಿ ಮಾದರಿ ನಿಧಾನವಾಗಿ ಜರುಗುತ್ತದೆ. ಮೊದಲೇ ಕಂಡ ಜಾಗಕ್ಕೆ ಮರಳಿದಾಗ ಸಾಧನ ಅದನ್ನು ಗುರುತಿಸಿ ತಪ್ಪನ್ನು ತಿದ್ದಿಕೊಳ್ಳುತ್ತದೆ. ಬಣ್ಣವಿಲ್ಲದ ಬೋಳು ಗೋಡೆ, ದೂಳು, ಮಂದ ಬೆಳಕು ಅದರ ವೈರಿಗಳು. ಇದರ ಮೇಲೆ ಕಟ್ಟಡದ ಸೈಟಿಗೇ ವಿಶಿಷ್ಟವಾದ ಕಷ್ಟ ಇನ್ನೊಂದಿದೆ. ನಿನ್ನೆ ಗುರುತಾಗಿ ಹಿಡಿದ ಮರಳಿನ ರಾಶಿ ಇಂದು ಇರುವುದಿಲ್ಲ, ನಿನ್ನೆ ತೆರೆದಿದ್ದ ಜಾಗದಲ್ಲಿ ಇಂದು ಗೋಡೆ ಎದ್ದಿರುತ್ತದೆ. ಮಾಲ್ ಅಥವಾ ಕಚೇರಿಯ ಒಳಗೆ ಸೊಗಸಾಗಿ ನಡೆಯುವ ಸಾಧನ ಸೈಟಿನಲ್ಲಿ ತಡವರಿಸುವುದು ಇದಕ್ಕೇ.

ಎರಡನೆಯ ಪ್ರಶ್ನೆ, ನಾನು ಬರೆದುಕೊಂಡ ಜಾಗಕ್ಕೂ ಮಾದರಿಯ ಜಾಗಕ್ಕೂ ಏನು ಸಂಬಂಧ? ಸಾಮಾನ್ಯವಾಗಿ ಬಳಸುವ ಉಪಾಯವೆಂದರೆ ಕ್ಯೂಆರ್ ಗುರುತು. ಕಂಬದ ಮೇಲೆ ಗೊತ್ತಾದ ಬಿಂದುವಿನಲ್ಲಿ ಅದನ್ನು ಅಂಟಿಸುತ್ತಾರೆ, ಮಾದರಿಯಲ್ಲೂ ಅದೇ ಬಿಂದುವನ್ನು ಗುರುತಿಸುತ್ತಾರೆ. ಸಾಧನ ಗುರುತನ್ನು ನೋಡಿದ ಕೂಡಲೇ ಎರಡೂ ಲೋಕಗಳು ಒಂದರ ಮೇಲೊಂದು ಕೂರುತ್ತವೆ. ಸರಳವೆನಿಸುತ್ತದೆ, ಆದರೆ ಲೆಕ್ಕ ಮಾಡಿ ನೋಡಿ. 20 ಸೆಂಟಿಮೀಟರ್ ಅಗಲದ ಗುರುತನ್ನು ಅಂಟಿಸುವಾಗ ಒಂದು ಅಂಚು ಕೇವಲ 1 ಮಿಲಿಮೀಟರ್ ಓರೆಯಾಯಿತು ಎಂದುಕೊಳ್ಳೋಣ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಆದರೆ 10 ಮೀಟರ್ ದೂರದಲ್ಲಿ ಮಾದರಿ 5 ಸೆಂಟಿಮೀಟರ್ ಸರಿದಿರುತ್ತದೆ, 30 ಮೀಟರ್ ದೂರದಲ್ಲಿ 15 ಸೆಂಟಿಮೀಟರ್. ಅಲ್ಲಿ ಸರಿಯಾಗಿಯೇ ಇರುವ ಸ್ಲೀವ್ ತಪ್ಪಾಗಿ ಕಾಣುತ್ತದೆ. ತಪ್ಪಾಗಿರುವುದು ಸರಿಯಾಗಿಯೂ ಕಾಣಬಹುದು, ಅದು ಇನ್ನೂ ಅಪಾಯ.

ಪರಿಹಾರ ಸರ್ವೇಯವರಿಗೆ ಮೊದಲಿನಿಂದ ಗೊತ್ತಿರುವುದೇ: ಆಧಾರ ಬಿಂದುಗಳು ಒಂದಕ್ಕೊಂದು ದೂರವಿರಬೇಕು. 20 ಮೀಟರ್ ಅಂತರದ ಎರಡು ಗುರುತುಗಳನ್ನು ಟೋಟಲ್ ಸ್ಟೇಷನ್ ಎಂಬ, ಕೋನವನ್ನೂ ದೂರವನ್ನೂ ಅಳೆಯುವ ಸರ್ವೇ ಯಂತ್ರದಿಂದ ಅಳೆದು ಕೂರಿಸಿದರೆ, ಅವುಗಳಲ್ಲಿ ಒಂದು 5 ಮಿಲಿಮೀಟರ್ ತಪ್ಪಿದ್ದರೂ 30 ಮೀಟರ್ ದೂರದಲ್ಲಿ ಆಗುವ ವ್ಯತ್ಯಾಸ 7.5 ಮಿಲಿಮೀಟರ್ ಮಾತ್ರ. ಹೊಸ ಕನ್ನಡಕ ಕೊಂಡ ತಂಡ ಹಳೆಯ ಸರ್ವೇ ಕೆಲಸವನ್ನು ಕಡೆಗಣಿಸಿದರೆ ಕನ್ನಡಕಕ್ಕೆ ಬೆಲೆಯಿಲ್ಲ. ಬಯಲಿನಲ್ಲಿ ಉಪಗ್ರಹ ಆಧಾರಿತ ಆರ್‌ಟಿಕೆ ಪದ್ಧತಿ ಒಂದೆರಡು ಸೆಂಟಿಮೀಟರಿನ ನಿಖರತೆ ಕೊಡುತ್ತದೆ. ನೆಲದಡಿಯ ಪೈಪುಗಳನ್ನು ಗುರುತಿಸಲು ಅದು ಚೆನ್ನ, ಕಟ್ಟಡದ ಒಳಗೆ ಅದರ ಸಂಕೇತ ತಲುಪುವುದಿಲ್ಲ.

ಕಣ್ಣಿಗೆ ತಲುಪಿಸುವುದು

ಪ್ರದರ್ಶನದಲ್ಲಿ ಎರಡು ದಾರಿಗಳಿವೆ. ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ ಪಾರದರ್ಶಕ ಗಾಜಿನ ಮೂಲಕ ನಿಜವಾದ ಲೋಕವನ್ನು ಹಾಗೆಯೇ ಬಿಟ್ಟು, ಅದರ ಮೇಲೆ ಬೆಳಕನ್ನು ಸೇರಿಸುತ್ತದೆ. ಬೆಳಕನ್ನು ಸೇರಿಸಬಹುದೇ ಹೊರತು ಕಳೆಯಲಾಗದು, ಹಾಗಾಗಿ ಕಪ್ಪು ಬಣ್ಣವನ್ನು ಅದು ತೋರಿಸಲಾರದು. ಉರಿಬಿಸಿಲಿನಲ್ಲಿ ಚಿತ್ರ ಮಾಸಿಹೋಗುತ್ತದೆ. 2019ರಲ್ಲಿ ಬಂದ ಅದರ ಎರಡನೆಯ ಆವೃತ್ತಿಯಲ್ಲಿ ಚಿತ್ರ ಕಾಣುವ ಕ್ಷೇತ್ರ ಕರ್ಣದಲ್ಲಿ ಸುಮಾರು 52 ಡಿಗ್ರಿ, ಎಂದರೆ ಕಣ್ಣು ನೋಡಬಲ್ಲ ಹರವಿನ ನಡುವಿನ ಒಂದು ಕಿಟಕಿಯಷ್ಟು. ಅದೇ ವರ್ಷ ಟ್ರಿಂಬಲ್ ಕಂಪನಿ ಅದನ್ನು ಸುರಕ್ಷತಾ ಹೆಲ್ಮೆಟ್ಟಿಗೆ ಜೋಡಿಸಿ ಎಕ್ಸ್‌ಆರ್10 ಎಂಬ ಸಾಧನವನ್ನು ಸೈಟುಗಳಿಗಾಗಿಯೇ ತಂದಿತು. 2024ರಲ್ಲಿ ಮೈಕ್ರೋಸಾಫ್ಟ್ ಹೋಲೋಲೆನ್ಸ್ ತಯಾರಿಕೆಯನ್ನು ನಿಲ್ಲಿಸಿತು. ಒಂದೇ ಕಂಪನಿಯ ಸಾಧನವನ್ನು ನಂಬಿ ಕೆಲಸದ ಪದ್ಧತಿ ಕಟ್ಟಿಕೊಂಡವರಿಗೆ ಇದು ದೊಡ್ಡ ಪೆಟ್ಟು. ಮಾದರಿಯನ್ನು ಮುಕ್ತ ರೂಪದಲ್ಲಿ ಇಟ್ಟುಕೊಂಡಿದ್ದವರು ಬೇರೆ ಸಾಧನಕ್ಕೆ ಸುಲಭವಾಗಿ ದಾಟಬಲ್ಲರು.

ಇನ್ನೊಂದು ದಾರಿಯಲ್ಲಿ ಕಣ್ಣ ಮುಂದೆ ಇರುವುದು ಗಾಜಲ್ಲ, ಪರದೆ. ಹೊರಗಿನ ಕ್ಯಾಮೆರಾ ಸುತ್ತಲಿನದ್ದನ್ನು ಚಿತ್ರೀಕರಿಸಿ ಆ ಪರದೆಗೆ ಕೊಡುತ್ತದೆ. ಮೆಟಾ ಕ್ವೆಸ್ಟ್ 3, ಆಪಲ್ ವಿಷನ್ ಪ್ರೊ ಈ ಬಗೆಯವು. ಚಿತ್ರ ಗಟ್ಟಿಯಾಗಿ ಕಾಣುತ್ತದೆ, ಆದರೆ ನಿಮ್ಮ ಕಣ್ಣಿಗೂ ಲೋಕಕ್ಕೂ ನಡುವೆ ಒಂದು ಯಂತ್ರ ನಿಂತಿರುತ್ತದೆ. ಬ್ಯಾಟರಿ ಮುಗಿದರೆ ಕಣ್ಣು ಕತ್ತಲಾಗುವ ಸಾಧನವನ್ನು ತೊಟ್ಟು, ಕಟಕಟೆಯಿಲ್ಲದ ಸ್ಲ್ಯಾಬಿನ ಅಂಚಿಗೆ ಯಾರೂ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡೂ ದಾರಿಗಳಿಗೆ ಸಮಯದ ಶತ್ರುವಿದ್ದಾನೆ. ತಲೆಯನ್ನು ಸೆಕೆಂಡಿಗೆ 100 ಡಿಗ್ರಿ ವೇಗದಲ್ಲಿ ತಿರುಗಿಸುವುದು ನಮಗೆ ಸಹಜ. ಚಿತ್ರ 20 ಮಿಲಿಸೆಕೆಂಡ್ ತಡವಾಗಿ ಬಂದರೂ ಅಷ್ಟರಲ್ಲಿ ತಲೆ 2 ಡಿಗ್ರಿ ತಿರುಗಿರುತ್ತದೆ. 3 ಮೀಟರ್ ದೂರದ ಗೋಡೆಯ ಮೇಲೆ ಅದು ಸುಮಾರು 10 ಸೆಂಟಿಮೀಟರ್. ತಲೆ ಮುಂದೆ ಎಲ್ಲಿರುತ್ತದೆ ಎಂದು ಊಹಿಸಿ, ಕೊನೆಯ ಕ್ಷಣದಲ್ಲಿ ಚಿತ್ರವನ್ನು ಸರಿಸಿ ಸಾಧನಗಳು ಈ ತಪ್ಪನ್ನು ಮರೆಮಾಡುತ್ತವೆ. ನೋಡುವವರು ಕಲಿಯಬೇಕಾದದ್ದು ಒಂದೇ: ತೀರ್ಮಾನಕ್ಕೆ ಬರುವ ಮೊದಲು ತಲೆಯನ್ನು ನಿಲ್ಲಿಸಿ.

ಎಲ್ಲರಿಗೂ ಕನ್ನಡಕವೇ ಬೇಕೆಂದೂ ಇಲ್ಲ. 2020ರಿಂದ ಕೆಲವು ಟ್ಯಾಬ್ಲೆಟ್ ಮತ್ತು ಫೋನುಗಳಲ್ಲಿ ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್ ಇದೆ. ಟ್ಯಾಬ್ಲೆಟ್ ಎತ್ತಿ ಹಿಡಿದರೆ ಪರದೆಯಲ್ಲಿ ಗೋಡೆಯೂ ಅದರ ಮೇಲೆ ಮಾದರಿಯೂ ಕಾಣುತ್ತವೆ. ಕೈ ಖಾಲಿ ಇರುವುದಿಲ್ಲ, ನಿಜ. ಆದರೆ ಪಕ್ಕದಲ್ಲಿ ನಿಂತ ಮೇಸ್ತ್ರಿಗೂ ಅದೇ ಚಿತ್ರ ಕಾಣುತ್ತದೆ. ಬೆರಳಿಟ್ಟು ಮಾತಾಡಬಹುದು. ಈ ಲಾಭ ಸಣ್ಣದಲ್ಲ.

ಏನು ಕಾಣುತ್ತದೆ, ಏನು ಕಾಣುವುದಿಲ್ಲ

ಈಗ ಮತ್ತೆ ಸ್ಲ್ಯಾಬಿಗೆ ಬರೋಣ. ಸರಿಯಾಗಿ ಕಟ್ಟಿದ ಮಾದರಿಯಲ್ಲೂ ಕೆಲವು ಸೆಂಟಿಮೀಟರಿನ ತೂಗಾಟ ಇದ್ದೇ ಇರುತ್ತದೆ ಎಂದು ಇಟ್ಟುಕೊಳ್ಳೋಣ. ಆಗಲೂ ಇಲ್ಲದ ಸ್ಲೀವ್ ತಕ್ಷಣ ಕಣ್ಣಿಗೆ ಬೀಳುತ್ತದೆ: ಕಲ್ಪಿತ ಕೊಳವೆಯೊಂದು ಹೊಳೆಯುತ್ತಿದೆ, ಅದರೊಳಗೆ ನಿಜವಾದ ಕೊಳವೆ ಇಲ್ಲ. ಬಾಗಿಲ ತೆರಪು ಪಕ್ಕದ ಕೋಣೆಗೆ ಹೋಗಿದ್ದರೆ, ಎಂಟು ಕಂಬಿ ಇರಬೇಕಾದಲ್ಲಿ ಆರಿದ್ದರೆ, ತೊಲೆಯಲ್ಲಿ ರಿಂಗುಗಳು ಹತ್ತಿರ ಹತ್ತಿರ ಇರಬೇಕಾದ ತುದಿಯಲ್ಲಿ ದೂರ ದೂರ ಇದ್ದರೆ ಅದೂ ಗೊತ್ತಾಗುತ್ತದೆ. ಛಾವಣಿಯ ಕೆಳಗೆ ಗಾಳಿಯ ಡಕ್ಟು, ಬೆಂಕಿ ಆರಿಸುವ ನೀರಿನ ಪೈಪು, ತಂತಿಗಳ ತಟ್ಟೆ ಒಂದೇ ಜಾಗಕ್ಕೆ ಹೊಡೆದಾಡುವುದು ದಿನನಿತ್ಯದ ಕಥೆ. ಮೊದಲು ಬಂದವರು ಸಲೀಸಾದ ದಾರಿ ಹಿಡಿಯುತ್ತಾರೆ, ಕೊನೆಗೆ ಬಂದವರಿಗೆ ಜಾಗವಿರುವುದಿಲ್ಲ. ಇನ್ನೂ ಬಾರದ ಪೈಪು ಬರಲಿರುವ ಜಾಗವನ್ನು ಈಗಲೇ ಕಂಡರೆ ಡಕ್ಟಿನವರೇ ತಮ್ಮ ಕೊಕ್ಕೆಯನ್ನು ಸರಿಸಿಕೊಳ್ಳುತ್ತಾರೆ. ಮಿಶ್ರ ವಾಸ್ತವದ ನಿಜವಾದ ಲಾಭ ಸಿಗುವುದು ಇಂಥ ಕಡೆ.

ಈಗ ಇನ್ನೊಂದು ತಪ್ಪನ್ನು ನೋಡಿ. ಗೋಡೆಯಿಂದ ಹೊರಚಾಚಿದ ಬಾಲ್ಕನಿಯ ಸ್ಲ್ಯಾಬಿನಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು, ಏಕೆಂದರೆ ಎಳೆತ ಬೀಳುವುದು ಮೇಲ್ಮೈಯಲ್ಲಿ. ಕೆಲಸದ ಗಡಿಬಿಡಿಯಲ್ಲಿ ಕಾಲು ತುಳಿದು ಆ ಕಂಬಿ ತಗ್ಗುತ್ತದೆ. 150 ಮಿಲಿಮೀಟರ್ ದಪ್ಪದ ಸ್ಲ್ಯಾಬಿನಲ್ಲಿ ತಳದಿಂದ 120 ಮಿಲಿಮೀಟರ್ ಎತ್ತರದಲ್ಲಿರಬೇಕಾದ ಕಂಬಿ 90ಕ್ಕೆ ಇಳಿದರೆ ಸ್ಲ್ಯಾಬಿನ ಬಾಗುವಿಕೆಯ ಬಲ ಸುಮಾರು ಕಾಲು ಭಾಗ ಹೋಯಿತು. ಇಳಿದದ್ದು ಬರಿ 3 ಸೆಂಟಿಮೀಟರ್. ಸಾಧನದ ತೂಗಾಟವೂ ಅಷ್ಟೇ ಇರಬಹುದು. ಕನ್ನಡಕದಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ, ಬಾಲ್ಕನಿ ಮಾತ್ರ ಅಪಾಯದಲ್ಲಿದೆ. ಇಲ್ಲಿ ಬೇಕಾದದ್ದು ಉಕ್ಕಿನ ಟೇಪು, ಕಂಬಿಯನ್ನು ಎತ್ತಿ ಹಿಡಿಯುವ ಕುರ್ಚಿಗಳು, ಮತ್ತು ಬಾಗಿ ಅಳೆಯುವ ಒಬ್ಬ ಮನುಷ್ಯ. ಏನಿದೆ, ಏನಿಲ್ಲ, ಎಲ್ಲಿದೆ ಎಂಬ ಪ್ರಶ್ನೆಗಳಿಗೆ ಮಿಶ್ರ ವಾಸ್ತವ ಒಳ್ಳೆಯ ಉತ್ತರ ಕೊಡುತ್ತದೆ. ನಿಖರವಾಗಿ ಎಷ್ಟು ಎಂಬ ಪ್ರಶ್ನೆಗೆ ಅಳತೆಯ ಸಾಧನಗಳೇ ಉತ್ತರ ಹೇಳಬೇಕು. ಕಾಂಕ್ರೀಟಿನ ಗಟ್ಟಿತನ, ವೆಲ್ಡಿಂಗಿನ ಒಳಗಿನ ಬಿರುಕು, ಬೋಲ್ಟಿನ ಬಿಗಿ ಇವು ಯಾವುವೂ ಆಕಾರದ ಸಂಗತಿಗಳಲ್ಲ. ಕನ್ನಡಕಕ್ಕೆ ಅವು ಕಾಣುವುದೇ ಇಲ್ಲ.

ಇದಕ್ಕಿಂತ ಆಳದ ಮಿತಿ ಇನ್ನೊಂದಿದೆ. 1981ರ ಜುಲೈ 17ರಂದು ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ತೂಗುಹಾಕಿದ್ದ ಎರಡು ನಡೆಸೇತುವೆಗಳು ಒಟ್ಟಿಗೆ ಕುಸಿದು 114 ಮಂದಿ ಸತ್ತರು. ಮೂಲ ವಿನ್ಯಾಸದಲ್ಲಿ ಮೇಲಿನ ಮತ್ತು ಕೆಳಗಿನ ಸೇತುವೆಗಳೆರಡೂ ಛಾವಣಿಯಿಂದ ಇಳಿದ ಅದೇ ಉದ್ದ ಸರಳುಗಳಿಗೆ ತೂಗಬೇಕಿತ್ತು. ಕಟ್ಟಲು ಸುಲಭವೆಂದು ಸರಳನ್ನು ಎರಡಾಗಿ ಮಾಡಿ, ಕೆಳಗಿನ ಸೇತುವೆಯನ್ನು ಮೇಲಿನ ಸೇತುವೆಯ ತೊಲೆಗೇ ತೂಗುಹಾಕಿದರು. ಮೇಲಿನ ಜೋಡಣೆಯ ಮೇಲೆ ಬೀಳುವ ಭಾರ ಎರಡು ಪಟ್ಟಾಯಿತು. ಆ ಬದಲಾವಣೆ ಒಪ್ಪಿಗೆ ಪಡೆದ ತಯಾರಿಕಾ ನಕ್ಷೆಗಳಲ್ಲೇ ಇತ್ತು. ಅಂದು ಯಾರಾದರೂ ಇಂದಿನ ಕನ್ನಡಕ ತೊಟ್ಟು, ಆ ನಕ್ಷೆಗಳಿಂದ ಮಾಡಿದ ಮಾದರಿಯನ್ನು ಹೋಲಿಸಿದ್ದರೆ ಎಲ್ಲವೂ ಕರಾರುವಾಕ್ಕಾಗಿ ಹೊಂದುತ್ತಿತ್ತು. ಮಾದರಿಯೇ ತಪ್ಪಾಗಿದ್ದರೆ ಹೊಂದಾಣಿಕೆ ಎಂಬುದು ತಪ್ಪಿಗೆ ಹಾಕಿದ ಮುದ್ರೆ.

ಹಾಗಾಗಿ ಕನ್ನಡಕ ತೊಡುವ ಮೊದಲು ಕೇಳಬೇಕಾದ ಪ್ರಶ್ನೆ ಬಹಳ ಸಾದಾ: ಇದು ಯಾವ ಆವೃತ್ತಿಯ ಮಾದರಿ, ಯಾರು ಒಪ್ಪಿದ್ದು? ನಕ್ಷೆ ಬದಲಾದ ದಿನವೇ ಸಾಧನದಲ್ಲಿನ ಮಾದರಿಯೂ ಬದಲಾಗದಿದ್ದರೆ, ಹಳೆಯ ಕಾಗದ ಹಿಡಿದು ಮಾಡುವ ತಪಾಸಣೆಗಿಂತ ಇದು ಹೆಚ್ಚು ಹಾನಿ ಮಾಡುತ್ತದೆ. ಹಳೆಯ ಕಾಗದ ಹಳೆಯದಾಗಿಯೇ ಕಾಣುತ್ತದೆ, ಹಳೆಯ ಮಾದರಿ ಮಾತ್ರ ಹೊಸದರಷ್ಟೇ ಹೊಳೆಯುತ್ತದೆ.

ದಿನದಿನದ ನಿಗಾ

ಒಂದು ದಿನದ ತಪಾಸಣೆಯನ್ನು ಬಿಟ್ಟು ತಿಂಗಳುಗಟ್ಟಲೆಯ ನಿಗಾವಣೆಗೆ ಬಂದರೆ ಮಾದರಿಗೆ ಕಾಲದ ಆಯಾಮ ಸೇರುತ್ತದೆ. ಪ್ರತಿ ಕಂಬ, ಪ್ರತಿ ಗೋಡೆ ಯಾವಾಗ ಮುಗಿಯಬೇಕು ಎಂಬುದು ಮಾದರಿಯಲ್ಲೇ ಇದ್ದರೆ, ಇಂದಿನ ತಾರೀಖಿಗೆ ನಿಂತಿರಬೇಕಾಗಿದ್ದೂ ನಿಲ್ಲದ ಗೋಡೆಯನ್ನು ಕೆಂಪಾಗಿ ತೋರಿಸಬಹುದು. ಎಷ್ಟು ಕೆಲಸವಾಗಿದೆ ಎಂಬ ವಾದ ಹಣದ ವಾದವೂ ಹೌದು, ಗುತ್ತಿಗೆದಾರರ ಬಿಲ್ಲು ನಿಂತಿರುವುದು ಅದರ ಮೇಲೆಯೇ. ಎರಡೂ ಕಡೆಯವರು ಒಂದೇ ಜಾಗದಲ್ಲಿ ನಿಂತು ಒಂದೇ ಮಾದರಿಯನ್ನು ನೋಡಿದರೆ ಎಷ್ಟೋ ಜಗಳ ಅಲ್ಲೇ ತಣ್ಣಗಾಗುತ್ತದೆ. ಹೆಚ್ಚು ನಿಖರತೆ ಬೇಕಾದಾಗ ಲೇಸರ್ ಸ್ಕ್ಯಾನರ್ ತಂದು ಕೋಟ್ಯಂತರ ಬಿಂದುಗಳಲ್ಲಿ ಕಟ್ಟಡವನ್ನು ಅಳೆದು, ಆ ಬಿಂದುರಾಶಿಯನ್ನು ಮಾದರಿಯೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ಬಣ್ಣಗಳಲ್ಲಿ ಕನ್ನಡಕಕ್ಕೆ ಕಳುಹಿಸುತ್ತಾರೆ. ಅಳೆಯುವ ಕೆಲಸ ಸ್ಕ್ಯಾನರಿನದು, ಸ್ಥಳದಲ್ಲಿ ತೋರಿಸುವ ಕೆಲಸ ಕನ್ನಡಕದ್ದು. ನನ್ನ ಮಟ್ಟಿಗೆ ಇದು ಇವೆರಡರ ಒಳ್ಳೆಯ ದಾಂಪತ್ಯ.

ದೂರದ ತಜ್ಞರೂ ಈಗ ತಪಾಸಣೆಯಲ್ಲಿ ಕೂಡಬಹುದು. ಸೈಟಿನಲ್ಲಿರುವವರು ನೋಡುತ್ತಿರುವುದು ಅವರ ಪರದೆಗೆ ಹೋಗುತ್ತದೆ, ಅವರು ಅಲ್ಲಿ ಹಾಕಿದ ವೃತ್ತ ಇಲ್ಲಿ ಕಂಬದ ಮೇಲೆ ಕೂರುತ್ತದೆ. ಆದರೆ ಕ್ಯಾಮೆರಾ ತಿರುಗಿದ ಕಡೆ ಮಾತ್ರ ಅವರ ಕಣ್ಣು, ತಿರುಗದ ಕಡೆ ಇಲ್ಲ. ಅದೇ ಕ್ಯಾಮೆರಾ ಕಂಬಿ ಕಟ್ಟುವವರ ಮುಖಗಳನ್ನೂ ಹಿಡಿದಿಡುತ್ತದೆ. ಯಾರು ಎಷ್ಟು ಹೊತ್ತು ಕುಳಿತರು ಎಂದು ಎಣಿಸಲು ಆ ಚಿತ್ರಗಳನ್ನು ಬಳಸುವುದಿಲ್ಲ ಎಂಬ ಮಾತು ಮೊದಲೇ ಬರವಣಿಗೆಯಲ್ಲಿ ಆಗಬೇಕು. ಕಾರ್ಮಿಕರು ನಂಬದ ಸಾಧನ ಸೈಟಿನಲ್ಲಿ ಬಾಳುವುದಿಲ್ಲ, ಬಾಳಬೇಕಾಗಿಯೂ ಇಲ್ಲ.

ತಪಾಸಣೆ ಮುಗಿದ ಮೇಲೆ ಉಳಿಯುವ ದಾಖಲೆಯ ಬಗ್ಗೆ ಕಡಿಮೆ ಮಾತು ಕೇಳಿಬರುತ್ತದೆ. ನನಗೆ ಅದರ ಬೆಲೆಯೇ ಎಲ್ಲಕ್ಕಿಂತ ಹೆಚ್ಚು ಎನಿಸುತ್ತದೆ. ಕಾಂಕ್ರೀಟ್ ಸುರಿಯುವ ಮುನ್ನ ಕಂಬಿ ಮತ್ತು ಕೇಬಲ್ಲುಗಳು ನಿಜವಾಗಿ ಎಲ್ಲಿದ್ದವು ಎಂಬುದನ್ನು ಸ್ಕ್ಯಾನ್ ಮಾಡಿ, ಆಧಾರ ಬಿಂದುಗಳ ಸಮೇತ ಮಾದರಿಯಲ್ಲಿ ಉಳಿಸಿದ್ದಾರೆ ಎಂದುಕೊಳ್ಳಿ. ಹದಿನೈದು ವರ್ಷಗಳ ನಂತರ ಅದೇ ಸ್ಲ್ಯಾಬಿನಲ್ಲಿ ಹೊಸ ಪೈಪಿಗಾಗಿ ತೂತು ಕೊರೆಯಬೇಕಾಗಿದೆ. ಒಳಗೆ ಬಿಗಿದೆಳೆದ ಉಕ್ಕಿನ ಕೇಬಲ್ಲುಗಳಿವೆ, ಕೊರೆಯುವ ಯಂತ್ರ ಒಂದನ್ನು ಕತ್ತರಿಸಿದರೂ ಸ್ಲ್ಯಾಬಿನ ಬಲ ಕುಂದುತ್ತದೆ, ಹತ್ತಿರ ನಿಂತವರ ಜೀವಕ್ಕೂ ಅಪಾಯ. ಅಂದು ಕೇಬಲ್ ಎಳೆದವರು ಯಾರೂ ಈಗ ಅಲ್ಲಿಲ್ಲ. ಕೊರೆಯಲು ಬಂದವರು ಟ್ಯಾಬ್ಲೆಟ್ ಎತ್ತಿ ಹಿಡಿಯುತ್ತಾರೆ. ನುಣುಪಾದ ನೆಲದ ಕೆಳಗೆ ಕೇಬಲ್ಲುಗಳ ಸಾಲು ಕಾಣುತ್ತದೆ. ರೇಡಾರ್ ಯಂತ್ರವನ್ನು ನೆಲದ ಮೇಲೆ ಉರುಳಿಸಿ ಅದನ್ನು ಖಚಿತ ಮಾಡಿಕೊಳ್ಳುತ್ತಾರೆ. ಆಮೇಲೆ ಸುಣ್ಣದ ಕಡ್ಡಿಯಿಂದ ಹಾಕಿದ್ದ ಗುರುತನ್ನು ಅಳಿಸಿ, ಎರಡು ಗೇಣು ಆಚೆಗೆ ಹೊಸ ಗುರುತು ಹಾಕುತ್ತಾರೆ.